ಪದಚರ್ಚೆ: ‘ಡಿಜಿಟಲ್ ಸಿದ್ಧತೆ’ ಅನ್ನಬೇಕೋ, ‘ಹದ’ ಅನ್ನಬಹುದೋ?

ನಮಸ್ಕಾರ. ಹಳ್ಳಿಯ ಸಹಕಾರ ಸಂಘಗಳು ಕಂಪ್ಯೂಟರ್, ಮೊಬೈಲ್ ವ್ಯವಹಾರಕ್ಕೆ ಎಷ್ಟು ತಯಾರಾಗಿವೆ ಅಂತ ಅಳೆಯುವ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಡಿಜಿಟಲ್ ರೆಡಿನೆಸ್’ ಅನ್ನೋದಕ್ಕೆ ‘ಡಿಜಿಟಲ್ ಸಿದ್ಧತೆ’ ಅಂತ ಬರೆದಿದ್ದೆ. ಅದು ಕೈಕೊಟ್ಟಿತು.

ಕಳೆದ ವಾರ ಮದ್ದೂರಿನ ಹತ್ತಿರ ಒಂದು ಡೈರಿಗೆ ಬೆಳಗ್ಗೆ ಹಾಲು ಹಾಕೋ ಹೊತ್ತಿಗೆ ಹೋಗಿ, ‘ನಿಮ್ಮ ಸಂಘದ ಡಿಜಿಟಲ್ ಸಿದ್ಧತೆ ಹೇಗಿದೆ?’ ಅಂತ ಕೇಳಿದೆ. ‘ಎಲ್ಲಾ ಮಾಡ್ಕೊಂಡಿದ್ದೀವಿ ಸಾರ್, ಕಂಪ್ಯೂಟರ್ ಅದೆ, ತೂಕದ ಮಿಷಿನ್ ಅದೆ, ಪ್ರಿಂಟರ್ ಅದೆ’ ಅಂದರು ಕಾರ್ಯದರ್ಶಿ. ತಪ್ಪು ಅವರದಲ್ಲ. ಮದುವೆ ಸಿದ್ಧತೆ, ಚುನಾವಣೆ ಸಿದ್ಧತೆ ಅಂದಾಗ ನಮಗೆ ಹೊಳೆಯೋದು ಸಾಮಾನು ಹೊಂದಿಸೋ ಕೆಲಸವೇ ಅಲ್ವಾ? ಅಷ್ಟರಲ್ಲಿ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಚೀಟಿಯನ್ನು ಪಕ್ಕದ ಹುಡುಗನ ಮುಂದೆ ಹಿಡಿದು ‘ಫ್ಯಾಟ್ ಎಷ್ಟು ಬಂದದೆ ನೋಡ್ಲಾ ಮಗ’ ಅಂದರು. ಹಾಲಿನ ರೇಟು ನಿಂತಿರೋದೇ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಮೇಲೆ. ಸರ್ಕಾರದ ಪ್ರೋತ್ಸಾಹಧನ ನೇರ ಬ್ಯಾಂಕ್ ಖಾತೆಗೆ ಬರುತ್ತೆ. ಹಾಲು ಹಾಕಿದವರಿಗೆ ಆ ಚೀಟಿ, ಆ ಪಾಸ್‌ಬುಕ್ಕು ಓದಿ ತಾಳೆ ನೋಡೋಕೆ ಬರುತ್ತಾ? ನಾನು ಕೇಳಬೇಕಾಗಿದ್ದದ್ದು ಇದು.

2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ವ್ಯವಸ್ಥೆ ಮಾಡಲು 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅಂಥದ್ದಕ್ಕೆ ‘ಗಣಕೀಕರಣ’ ಸರಿಯಾದ ಪದ, ಅದು ಯಂತ್ರದ ಮಾತು. ನಾನು ಹುಡುಕುತ್ತಿರೋದು ಜನರ ಮಾತು.

‘ಸನ್ನದ್ಧತೆ’ ಅಂದರೆ ಕವಚ ಬಿಗಿದು ಯುದ್ಧಕ್ಕೆ ನಿಂತ ಹಾಗೆ. ‘ಸಜ್ಜು’ ಮತ್ತೆ ಸಾಮಾನಿಗೇ ಎಳೆಯುತ್ತೆ. ನನಗೆ ಮನಸ್ಸಿರೋದು ‘ಹದ’ದ ಮೇಲೆ. ಆಲೆಮನೆಯಲ್ಲಿ ಕೊಪ್ಪರಿಗೆ, ಒಲೆ, ಅಚ್ಚು ಎಲ್ಲಾ ಇದ್ದರೂ ಪಾಕ ಹದಕ್ಕೆ ಬರಬೇಕು, ಒಂದು ತೊಟ್ಟು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡಿದ ಮೇಲೇ ಇಳಿಸೋದು. ಹದ ತಪ್ಪೋದೂ ಉಂಟು. ಮಳೆ ಬಿದ್ದ ಹೊಲ ಎರಡು ಬಿಸಿಲಿಗೆ ಹದ ಆರುತ್ತೆ. ಆ ಡೈರಿಯಲ್ಲೂ ಮಿಷಿನ್ ನೋಡಿಕೊಳ್ಳುತ್ತಿದ್ದ ಹುಡುಗ ಬೆಂಗಳೂರಿಗೆ ಹೋದ ಮೇಲೆ ಎರಡು ತಿಂಗಳು ಮತ್ತೆ ಪುಸ್ತಕದಲ್ಲೇ ಬರೆದರಂತೆ. ‘ಸಿದ್ಧತೆ’ ಒಮ್ಮೆ ಮಾಡಿದರೆ ಮುಗಿದ ಹಾಗೆ ಕೇಳಿಸುತ್ತೆ, ‘ಹದ’ ಹಾಗಲ್ಲ.

ಆದರೆ ಹದ ಮಣ್ಣಿಗೆ, ಪಾಕಕ್ಕೆ, ಕಬ್ಬಿಣಕ್ಕೆ. ಜನಕ್ಕೆ ನಾವು ‘ಪಳಗಿದ್ದಾರೆ’ ಅಂತೀವಿ. ‘ಸಂಘ ಹದಕ್ಕೆ ಬಂದಿದೆ’ ಅಂದರೆ ನಿಮ್ಮ ಕಿವಿಗೆ ಒಪ್ಪುತ್ತಾ? ಮೈಸೂರು ಕಡೆ ಯಾರಾದರೂ ಹೀಗೆ ಮಾತಾಡಿದ್ದು ಕೇಳಿದ್ದೀರಾ?

ಇನ್ನೊಂದು: ಅದೇ ಪ್ರಶ್ನಾವಳಿಯಲ್ಲಿ ಸಹಕಾರ ಸಂಘಕ್ಕೆ ‘ಸಮುದಾಯ ಒಡೆತನದ ಉದ್ಯಮ’ ಅಂದಾಗ ಒಬ್ಬರು ‘ಯಾವ ಸಮುದಾಯ ಸಾರ್?’ ಅಂತ ಜಾತಿ ಕೇಳಿದರು. ಅದನ್ನು ‘ಸದಸ್ಯರ ಒಡೆತನದ’ ಅಂತ ಬದಲಾಯಿಸಿಬಿಟ್ಟೆ.