ಹಳೆಯ ಟಿ-34-85 ಕಿಟ್: ಯಾವುದನ್ನು ತಿದ್ದಬೇಕು, ಯಾವುದನ್ನು ಹಾಗೆಯೇ ಬಿಡಬೇಕು?

ಪ್ರಶ್ನೆ

ನಮಸ್ಕಾರ. ಮೋಟಾರು ಮತ್ತು ಬ್ಯಾಟರಿ ಹಾಕಿ ಓಡಿಸಲೆಂದೇ ತಯಾರಾಗಿದ್ದ, ಪೆಟ್ಟಿಗೆಯ ಮೇಲೆ 1/35 (ನಿಜವಾದ ಅಳತೆಯ 35ರಲ್ಲಿ ಒಂದು ಪಾಲು) ಎಂದು ಅಚ್ಚಾಗಿರುವ ಹಳೆಯ ಟಿ-34-85 (ಎರಡನೆಯ ಮಹಾಯುದ್ಧದ ಸೋವಿಯತ್ ಟ್ಯಾಂಕು) ಪ್ಲಾಸ್ಟಿಕ್ ಮಾದರಿಯ ಕಿಟ್ ಒಂದು ನನ್ನ ಬಳಿ ಇದೆ. ಈಗಿನ ಕಿಟ್‌ಗಳು ಇದಕ್ಕಿಂತ ಎಷ್ಟೋ ಮೇಲು ಎಂಬುದು ಗೊತ್ತಿದ್ದೇ ಕೇಳುತ್ತಿದ್ದೇನೆ. ಭಾಗಗಳನ್ನು ಕೈಯಾರೆ ಮಾಡಿ ಕಲಿಯುವುದಕ್ಕೆ ಇಂಥ ಕಿಟ್ಟೇ ಸರಿ ಎಂಬುದು ನನ್ನ ಎಣಿಕೆ.

ಹಲ್‌ನ (ಟ್ಯಾಂಕಿನ ಕೆಳಗಿನ ಮುಖ್ಯ ಒಡಲು) ತಳದಲ್ಲಿ ಸ್ವಿಚ್ಚಿಗಾಗಿ ಬಿಟ್ಟ ಸೀಳು ಮತ್ತು ಸ್ಕ್ರೂ ತೂತುಗಳಿವೆ. ಟ್ರ್ಯಾಕಿನ ಮೇಲೆ ಚಾಚಿಕೊಂಡಿರುವ ಬದಿಗಳಿಗೆ ತಳವೇ ಇಲ್ಲದಿರುವುದರಿಂದ ಸ್ವಲ್ಪ ಓರೆಯಾಗಿ ಹಿಡಿದರೂ ಒಳಗಿನ ಟೊಳ್ಳು ಕಾಣುತ್ತದೆ. ಟರೆಟ್ಟಿನ (ತೋಪನ್ನು ಹೊತ್ತು ತಿರುಗುವ ಮೇಲಿನ ಗೋಪುರ) ಮೈ ಸೋಪಿನ ಬಿಲ್ಲೆಯಂತೆ ನುಣುಪಾಗಿದೆ, ಕೈಹಿಡಿಗಳು ಮೈಗೆ ಅಂಟಿಕೊಂಡೇ ಅಚ್ಚಾಗಿವೆ, ಎಂಜಿನ್ನಿನ ಹಿಂದಿನ ಜಾಲರಿಯೆಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಎಳೆದ ಗೀರುಗಳಷ್ಟೆ. ಟ್ರ್ಯಾಕುಗಳು ಕಪ್ಪು ವಿನೈಲಿನವು. ಎಲ್ಲಿಂದ ಆರಂಭಿಸಬೇಕು, ಯಾವುದನ್ನು ಕೈಬಿಡಬಹುದು ಎಂದು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ತಾವು ಹೇಳಿರುವ ದೋಷಗಳಲ್ಲಿ ಹೆಚ್ಚಿನವು ಮೇಲ್ಮೈಗೆ ಸೇರಿದವು. ಅವುಗಳಿಗೆ ಕೈಹಾಕುವ ಮೊದಲು ಕ್ಯಾಲಿಪರ್ ಹಿಡಿದು ಅಳತೆ ನೋಡಿ, ಏಕೆಂದರೆ ಆಕಾರವೇ ತಪ್ಪಿದ್ದರೆ ಎಷ್ಟು ಕೈಹಿಡಿ ಜೋಡಿಸಿದರೂ ಅದು ಟಿ-34ರಂತೆ ಕಾಣುವುದಿಲ್ಲ. ನಿಜವಾದ ಟ್ಯಾಂಕಿನ ಅಗಲ 3 ಮೀಟರು, ತೋಪನ್ನು ಮುಂದಕ್ಕೆ ಚಾಚಿದಾಗಿನ ಒಟ್ಟು ಉದ್ದ ಸುಮಾರು 8.15 ಮೀಟರು, ಚಕ್ರದ ವ್ಯಾಸ 830 ಮಿಲಿಮೀಟರು, ಟ್ರ್ಯಾಕಿನ ಅಗಲ 500 ಮಿಲಿಮೀಟರು. ಇವನ್ನು 35ರಿಂದ ಭಾಗಿಸಿದರೆ ಕ್ರಮವಾಗಿ 85.7, 233, 23.7 ಮತ್ತು 14.3 ಮಿಲಿಮೀಟರು ಬರುತ್ತದೆ. ಮೋಟಾರು ಕಿಟ್‌ಗಳಲ್ಲಿ ಗೇರು ಮತ್ತು ಬ್ಯಾಟರಿ ಕೂರಲೆಂದು ಹಲ್ ಅನ್ನೇ ಹಿಗ್ಗಿಸಿರುವುದು ಅಪರೂಪವಲ್ಲ. ಅಗಲದಲ್ಲಿ ಮೂರು ಮಿಲಿಮೀಟರು ಹೆಚ್ಚಿದ್ದರೆ ಅದನ್ನು ಮುಟ್ಟಬೇಡಿ ಎಂಬುದೇ ನನ್ನ ಸಲಹೆ. ಹಲ್ ಅನ್ನು ಉದ್ದಕ್ಕೆ ಸೀಳಿ ಮತ್ತೆ ಕೂಡಿಸುವ ಕೆಲಸದಲ್ಲಿ ಮುಂಭಾಗದ ಇಳಿಜಾರು ತಗಡು, ಟರೆಟ್ ಕೂರುವ ವೃತ್ತ, ಎಂಜಿನ್ನಿನ ಮುಚ್ಚಳ ಎಲ್ಲವೂ ಕೆಡುತ್ತವೆ. ಪಕ್ಕದಲ್ಲಿ ಸರಿಯಾದ ಮಾದರಿಯನ್ನು ಇಟ್ಟು ಹೋಲಿಸದ ಹೊರತು ಆ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಚಕ್ರಗಳ ನಡುವಿನ ಅಂತರದ ಮಾತು ಬೇರೆ. ಟಿ-34ರ ಐದು ಚಕ್ರಗಳಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಅಂತರ ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚು. ಬದಿಯಿಂದ ನೋಡಿದ ಕೂಡಲೇ ಟ್ಯಾಂಕಿನ ಗುರುತು ಸಿಗುವುದು ಮುಖ್ಯವಾಗಿ ಅದರಿಂದಲೇ. ತಮ್ಮ ಕಿಟ್ಟಿನಲ್ಲಿ ಐದೂ ಸಮಾನ ಅಂತರದಲ್ಲಿದ್ದರೆ ಮೊದಲು ಅದನ್ನೇ ಸರಿಪಡಿಸಬೇಕು. ಅಚ್ಚಿನಲ್ಲೇ ಬಂದ, ಚಕ್ರ ಕೂರುವ ಗೂಟಗಳನ್ನು ಬುಡಕ್ಕೆ ಕತ್ತರಿಸಿ, ಹಲ್‌ನ ಬದಿಗೆ ಒಳಗಿನಿಂದ 1 ಮಿಲಿಮೀಟರಿನ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿ, ಅಳತೆ ನಕ್ಷೆಯಿಂದ ಗುರುತು ಮಾಡಿಕೊಂಡು ಹೊಸ ತೂತು ಕೊರೆದು ಪ್ಲಾಸ್ಟಿಕ್ ಕಡ್ಡಿಗಳನ್ನು ಕೂರಿಸಿ. ಅಂಟು ಒಣಗುವ ಮೊದಲು ಹಲ್ ಅನ್ನು ಗಾಜಿನ ಮೇಲಿಟ್ಟು ಎಲ್ಲ ಚಕ್ರಗಳೂ ನೆಲ ಮುಟ್ಟುತ್ತಿವೆಯೇ ಎಂದು ನೋಡಿಕೊಳ್ಳಿ.

ಬದಿಗಳ ತಳವನ್ನು ಮುಚ್ಚುವುದು ಸುಲಭ. ಗಟ್ಟಿ ಕಾಗದದಲ್ಲಿ ಆಕಾರ ಕತ್ತರಿಸಿ ಹೊಂದಿಸಿಕೊಂಡ ಮೇಲೆ ಅದನ್ನೇ ಅರ್ಧ ಮಿಲಿಮೀಟರಿನ ಹಾಳೆಗೆ ವರ್ಗಾಯಿಸಿ. ಹಲ್ ಅನ್ನು ಎಲ್ಲ ಕಡೆಯಿಂದ ಮುಚ್ಚುವ ಮೊದಲು ಕಾಣದ ಒಂದು ಕಡೆ ಸಣ್ಣ ತೂತು ಬಿಡಿ. ದ್ರವ ಅಂಟಿನ ಆವಿ ಒಳಗೇ ಉಳಿದರೆ ತೆಳು ಹಾಳೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಸ್ವಿಚ್ಚಿನ ಸೀಳಿಗೆ ಪುಟ್ಟಿ ತುಂಬಿದರೆ ಸಾಕು. ತಳವನ್ನು ಯಾರೂ ತಿರುಗಿಸಿ ನೋಡುವುದಿಲ್ಲ.

ಎರಡನೆಯ ಉತ್ತರ

ಮೇಲಿನ ಮಾತಿಗೆ ಬಹುಪಾಲು ನನ್ನ ಒಪ್ಪಿಗೆ ಇದೆ. ಆದರೆ ಟರೆಟ್ಟಿನ ಮೈಯನ್ನು ಅಷ್ಟು ಹಿಂದಕ್ಕೆ ತಳ್ಳುವುದು ಸರಿಯಲ್ಲ ಎಂದು ನನಗನಿಸುತ್ತದೆ. ಆ ಟರೆಟ್ ಎರಕ ಹೊಯ್ದದ್ದು, ಹಲ್ ಉರುಳೆಯಲ್ಲಿ ಹಿಸುಕಿದ ತಗಡುಗಳನ್ನು ಬೆಸೆದದ್ದು. ಈ ಎರಡು ಬಗೆಯ ಮೈಗಳ ವ್ಯತ್ಯಾಸ ಕಾಣದಿದ್ದರೆ ಬಣ್ಣ ಎಷ್ಟೇ ಚೆನ್ನಾಗಿ ಬಳಿದರೂ ಆಟಿಕೆಯ ಕಳೆ ಹೋಗುವುದಿಲ್ಲ.

ಎರಕದ ಒರಟುತನಕ್ಕೆ ಟ್ಯೂಬಿನ ಪುಟ್ಟಿಯನ್ನು ದ್ರವ ಅಂಟಿನಲ್ಲಿ ತೆಳ್ಳಗೆ ಕದಡಿ, ಹಳೆಯ ಗಡಸು ಬ್ರಷ್ಷಿನಿಂದ ಲಂಬವಾಗಿ ಕುಟ್ಟುತ್ತಾ ಹಚ್ಚಬೇಕು. ಒಂದು ಸಲಕ್ಕೆ ಅಂಗೈಯ ಕಾಲುಭಾಗದಷ್ಟು ಜಾಗ ಸಾಕು, ಏಕೆಂದರೆ ಮಿಶ್ರಣ ಬೇಗನೆ ಗಟ್ಟಿಯಾಗಿ ಬ್ರಷ್ಷಿಗೆ ನೂಲಿನಂತೆ ಎಳೆದುಕೊಳ್ಳತೊಡಗುತ್ತದೆ. ಒಣಗಿದ ಮೇಲೆ ನವಿರಾದ ಸ್ಯಾಂಡ್‌ಪೇಪರಿನಿಂದ ತುದಿಗಳನ್ನಷ್ಟೇ ಸವರಿ. ಹಸಿಯಾಗಿದ್ದಾಗ ಅತಿಯೆನಿಸದ ಒರಟು ಪ್ರೈಮರ್ ಬಿದ್ದ ಮೇಲೆ ಅತಿಯೆನಿಸುವುದುಂಟು. 1/35ರಲ್ಲಿ ಅರ್ಧ ಮಿಲಿಮೀಟರಿನ ಉಬ್ಬೆಂದರೆ ನಿಜವಾದ ಟ್ಯಾಂಕಿನಲ್ಲಿ 17.5 ಮಿಲಿಮೀಟರಿನ ಗಡ್ಡೆ ಎಂಬುದು ನೆನಪಿರಲಿ. ಟರೆಟ್ಟಿನ ಮಾಡು ಬೆಸೆದ ತಗಡು, ಅದನ್ನು ನುಣುಪಾಗಿಯೇ ಬಿಡಿ.

ಬೆಸುಗೆಯ ಗೆರೆಗಳಿಗೆ ಕಿಟ್ಟಿನ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನ ಕಡ್ಡಿಯನ್ನೇ ಮೇಣದಬತ್ತಿಯ ಉರಿಯ ಮೇಲೆ ಕಾಯಿಸಿ ಎಳೆದ ಎಳೆ ಸಾಕು. ಸಂದಿಗೆ ಅದನ್ನಿಟ್ಟು, ದ್ರವ ಅಂಟನ್ನು ಹಚ್ಚಿ ಮೆತ್ತಗಾದ ಮೇಲೆ ಚಾಕುವಿನ ಅಲಗಿನಿಂದ ಒತ್ತೊತ್ತಾಗಿ ಗುರುತು ಹಾಕುತ್ತಾ ಹೋಗಿ. ಕೈಹಿಡಿಗಳನ್ನು ಉಳಿಯಿಂದ ಕೆತ್ತಿ ತೆಗೆದು ಅರ್ಧ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಮಾಡಬಹುದು. ಎಲ್ಲವೂ ಒಂದೇ ಅಳತೆಗೆ ಬಾಗಬೇಕಾದರೆ ಮರದ ತುಂಡಿನಲ್ಲಿ ಎರಡು ಮೊಳೆ ಬಡಿದು ಅವುಗಳ ಸುತ್ತ ಬಾಗಿಸಿ.

ತೋಪಿನ ನಳಿಗೆ ಎರಡು ಹೋಳಾಗಿ ಬಂದಿದ್ದರೆ ಕೂಡುಗೆರೆಯನ್ನು ಉಜ್ಜುವಾಗ ಅದರ ದುಂಡುತನ ಹೋಗಿಬಿಡುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಕಡ್ಡಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ ನಿಧಾನವಾಗಿ ತಿರುಗಿಸುತ್ತಾ, ಸ್ಯಾಂಡ್‌ಪೇಪರಿನಿಂದ ತುದಿಯ ಕಡೆಗೆ ಸಣ್ಣದಾಗುವಂತೆ ಸವೆಸಿಕೊಳ್ಳುವುದು ಮೇಲು. ಈ ತೋಪಿನ ಬಾಯಿಗೆ ಬ್ರೇಕ್ (ಹಿನ್ನೊದೆತ ತಗ್ಗಿಸಲು ತುದಿಗೆ ಜೋಡಿಸುವ ಭಾಗ) ಇಲ್ಲದಿರುವುದು ನಮ್ಮ ಪುಣ್ಯ. 85 ಮಿಲಿಮೀಟರಿನ ರಂಧ್ರ ಈ ಸ್ಕೇಲಿಗೆ 2.4 ಮಿಲಿಮೀಟರು ಆಗುತ್ತದೆ. ಸಣ್ಣ ಬಿಟ್ಟಿನಿಂದ ಕೊರೆದು ಕ್ರಮವಾಗಿ ಹಿಗ್ಗಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಅಳೆದು ನೋಡಿದೆ: ಅಗಲ 88 ಮಿಲಿಮೀಟರು ಇರುವುದರಿಂದ ಅದನ್ನು ಹಾಗೆಯೇ ಬಿಡುತ್ತೇನೆ. ಚಕ್ರಗಳು ಸಮಾನ ಅಂತರದಲ್ಲಿಯೇ ಇವೆ, ಆದ್ದರಿಂದ ಕೆಲಸ ಅಲ್ಲಿಂದಲೇ ಆರಂಭ. ವಿನೈಲ್ ಟ್ರ್ಯಾಕುಗಳ ವಿಷಯವನ್ನು ಯಾರೂ ಎತ್ತಲಿಲ್ಲ. ಅವು ರಬ್ಬರ್ ಬಳೆಯಂತೆ ಬಿಗಿದು ನಿಲ್ಲುತ್ತವೆ. ಬಣ್ಣ ಬಳಿದು ಹಾಗೆಯೇ ಬಳಸಬಹುದೇ?

ಮೂರನೆಯ ಉತ್ತರ

ಸಾಧ್ಯವಿದ್ದರೆ ಬಳಸಬೇಡಿ. ಹಳೆಯ ವಿನೈಲಿನಲ್ಲಿ ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ಕಾಲಕ್ರಮೇಣ ಹೊರಬಂದು, ತಗುಲಿದ ಪಾಲಿಸ್ಟೈರೀನ್ ಚಕ್ರಗಳ ಅಂಚನ್ನು ಕರಗಿಸುತ್ತದೆ. ಪೆಟ್ಟಿಗೆಯಲ್ಲಿ ಟ್ರ್ಯಾಕಿಗೆ ಒತ್ತಿಕೊಂಡಿದ್ದ ಭಾಗಗಳ ಮೇಲೆ ಅಂಟಂಟಾದ ಹಳ್ಳಗಳು ಬಿದ್ದಿವೆಯೇ ಎಂದು ಈಗಲೇ ನೋಡಿಕೊಳ್ಳಿ. ಬಣ್ಣದ ಪದರ ಅದನ್ನು ತಡೆಯುತ್ತದೆಂದು ನೆಚ್ಚಿಕೊಳ್ಳಲಾಗದು.

ಬಿಡಿಬಿಡಿ ಕೊಂಡಿಗಳಿರುವ ಪ್ಲಾಸ್ಟಿಕ್ ಟ್ರ್ಯಾಕ್ ಹಾಕುವುದೇ ಒಳ್ಳೆಯ ದಾರಿ. ಟಿ-34ಕ್ಕೆ ಒಂದು ಬದಿಗೆ ಸಾಮಾನ್ಯವಾಗಿ 72 ಕೊಂಡಿಗಳು, ಒಂದು ಬಿಟ್ಟು ಒಂದಕ್ಕೆ ನಡುವೆ ಹಲ್ಲು. ಹಿಂದಿನ ಚಾಲಕ ಚಕ್ರದ ಉರುಳೆಗಳು ಆ ಹಲ್ಲುಗಳನ್ನೇ ಹಿಡಿದು ತಳ್ಳುವುದರಿಂದ ಈ ಕ್ರಮ ತಪ್ಪಬಾರದು. ಮಾದರಿಯ ಚಾಲಕ ಚಕ್ರ ಅಳತೆ ತಪ್ಪಿರುವ ಸಾಧ್ಯತೆ ಇದೆಯಾದ್ದರಿಂದ 72ನ್ನೇ ಪಟ್ಟು ಹಿಡಿಯದೆ ಎಷ್ಟು ಹೊಂದುತ್ತದೆಯೋ ಅಷ್ಟನ್ನು ಹಾಕಿ.

ಈ ಟ್ಯಾಂಕಿಗೆ ಟ್ರ್ಯಾಕಿನ ಮೇಲಿನ ಸಾಲನ್ನು ಹೊರುವ ಸಣ್ಣ ಉರುಳೆಗಳಿಲ್ಲ; ಅದು ಚಕ್ರಗಳ ತಲೆಯ ಮೇಲೆಯೇ ಮಲಗಿ ನಡುನಡುವೆ ಜೋಲುತ್ತದೆ. ತಾವು ವಿನೈಲನ್ನೇ ಬಳಸುವುದಾದರೆ ಹಲ್‌ನ ಬದಿಯಲ್ಲಿ, ಚಕ್ರಗಳ ನಡುವೆ, ಬಿಗಿದು ನಿಂತ ಟ್ರ್ಯಾಕಿನ ಮೇಲ್ಮೈಗೆ ಸ್ವಲ್ಪ ಕೆಳಗೆ ಬರುವಂತೆ ತೂತು ಕೊರೆದು ಗಡಸು ತಂತಿಯ ತುಂಡುಗಳನ್ನು ಸಿಕ್ಕಿಸಿ ಅದನ್ನು ಕೆಳಕ್ಕೆ ಒತ್ತಿ ಹಿಡಿಯಬೇಕಾಗುತ್ತದೆ. ಬದಿಗಳ ತಳವನ್ನು ಮುಚ್ಚಿದ ಮೇಲೆ ಅಲ್ಲಿಗೆ ಡ್ರಿಲ್ ಹೋಗುವುದಿಲ್ಲ. ಆದ್ದರಿಂದ ಮೊದಲ ಉತ್ತರದಲ್ಲಿ ಹೇಳಿದ ಹಾಳೆಯನ್ನು ಅಂಟಿಸುವ ಮುನ್ನವೇ ಈ ತೂತುಗಳನ್ನು ಕೊರೆದಿಟ್ಟುಕೊಳ್ಳಿ.