ಬುಮ್ರಾ ಬೋಲಿಂಗ್, ಬೆನೊ ಕಾಮೆಂಟರಿ

ಗಿರಿ ಎರಡನೇ ಪ್ಲೇಟ್ ಬೋಂಡಾ ಮುಗಿಸಿ, ಕೈಯನ್ನು ಮಂಜನ ಸೋಫಾಕ್ಕೇ ಒರೆಸಿ, ಕೇಳಿದ: "ಅಲ್ಲ ಕಣೋ, ಅಷ್ಟು ಸಂಬಳ ತಗೊಂಡು ಇನ್ನೂ ಈ ಕ್ರಿಕೆಟ್ 07 ಆಡ್ತಾ ಕೂತಿದ್ದೀಯಲ್ಲ, ನಾಚಿಕೆ ಆಗಲ್ವಾ?"

"ಸುಮ್ನಿರೋ, ಬುಮ್ರಾ ಬೋಲಿಂಗ್ ಇದೆ," ಅಂದ ಮಂಜ. ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

"2006ರ ಆಟದಲ್ಲಿ ಬುಮ್ರಾ ಎಲ್ಲಿಂದ ಬಂದ? ಆಗ ಅವನಿಗೆ 12 ವರ್ಷ!"

"ಪ್ಯಾಚ್ ಹಾಕಿದೀನಿ."

ವಿಷಯ ಏನಂದ್ರೆ, ಇದನ್ನು ಮಾಡಿದ ಇಎ ಕಂಪನಿ ಈ ಆಟದ ನಂತರ ಕ್ರಿಕೆಟ್ ಆಟ ಮಾಡೋದನ್ನೇ ಬಿಟ್ಟಿತು. ಜನ ಮಾತ್ರ ಬಿಡಲಿಲ್ಲ. ಹೊಸ ಜೆರ್ಸಿ, ಹೊಸ ಮುಖ, ಹೊಸ ಸ್ಟೇಡಿಯಂ, ಎಲ್ಲಾ ಅಭಿಮಾನಿಗಳೇ ಕೂತು ಮಾಡಿ ಹಂಚುತ್ತಾರೆ, ಅದೇ ಪ್ಯಾಚ್. ಐಪಿಎಲ್ ಶುರುವಾಗಿದ್ದು 2008ರಲ್ಲಿ, ಅಂದರೆ ಆಟ ಬಂದಾಗ ಐಪಿಎಲ್ಲೇ ಇರಲಿಲ್ಲ, ಆದರೂ ಮಂಜನ ಲ್ಯಾಪ್‌ಟಾಪಿನಲ್ಲಿ ಆರ್‌ಸಿಬಿ ವರ್ಷಾ ವರ್ಷಾ ಕಪ್ ಗೆಲ್ಲುತ್ತಿತ್ತು. 2025ರವರೆಗೆ ಕಾಯುವ ತಾಳ್ಮೆ ತನಗೆ ಬಂದಿದ್ದೇ ಅಲ್ಲಿಂದ ಅಂತಾನೆ. ಇನ್ನೂ ಒಂದು ಮಜಾ ಇದೆ. ಆಟದ ಕಾಮೆಂಟರಿಯಲ್ಲಿ ಆಸ್ಟ್ರೇಲಿಯಾದ ಹಳೇ ಕ್ಯಾಪ್ಟನ್ ರಿಚಿ ಬೆನೊ ಇದ್ದಾರೆ. ಅವರು ತೀರಿಕೊಂಡಿದ್ದು 2015ರಲ್ಲಿ, ಬುಮ್ರಾ ಭಾರತಕ್ಕೆ ಮೊದಲ ಸಲ ಆಡಿದ್ದು 2016ರಲ್ಲಿ. ಬುಮ್ರಾ ಯಾರ್ಕರ್‌ಗೆ ಬೆನೊ ಮಾತಾಡೋದನ್ನ ಕೇಳಬೇಕು ಅಂದ್ರೆ ಮಂಜನ ಮನೆಗೇ ಬರಬೇಕು.

ಗಿರಿ ಸೋಲೊಪ್ಪುವ ಜಾತಿ ಅಲ್ಲ. "ಇದೆಲ್ಲಾ ನಿಮ್ಮ ಚಿಕ್ಕಂದಿನ ಹುಚ್ಚು ಅಷ್ಟೇ. ಆಟದಲ್ಲಿ ಏನೂ ಇಲ್ಲ. ಹಳೇದು ಅಂದ ತಕ್ಷಣ ಕಣ್ಣಲ್ಲಿ ನೀರು."

ಶ್ವೇತಾ ಅಲ್ಲಿಯವರೆಗೆ ಫೋನಿನಲ್ಲಿದ್ದಳು. "ಹಾಗಾದ್ರೆ ಆ ಟೆಟ್ರಿಸ್ ಹುಡುಗಂದೇನು?" ಅಂದಳು.

ಟೆಟ್ರಿಸ್ ಅಂದ್ರೆ ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸಿ ಸಾಲು ತುಂಬಿಸುವ, 1984ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಆಟ. ಅದನ್ನು ಜಪಾನಿನ ನಿಂಟೆಂಡೊ ಕಂಪನಿ 1989ರಲ್ಲಿ ಟಿವಿಗೆ ಹಾಕಿ ಆಡುವ ತನ್ನ ಡಬ್ಬಿಗೆ ತಂದಿತು. 29ನೇ ಲೆವೆಲ್ ಬಂದರೆ ತುಂಡುಗಳು ಎಷ್ಟು ಜೋರಾಗಿ ಬೀಳುತ್ತವೆ ಅಂದ್ರೆ, ಮನುಷ್ಯನ ಕೈಲಿ ಇನ್ನು ಆಗಲ್ಲ ಅಂತ ಎಲ್ಲರೂ ಎಷ್ಟೋ ವರ್ಷ ನಂಬಿದ್ದರು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ 157ನೇ ಲೆವೆಲ್‌ವರೆಗೆ ಹೋದ. ಅಲ್ಲಿ ಆಟವೇ ಕೈಚೆಲ್ಲಿ ನಿಂತುಬಿಟ್ಟಿತು. ಪ್ರೋಗ್ರಾಂ ಬರೆದವರು ಅಲ್ಲಿಯವರೆಗೂ ಒಬ್ಬ ಬರ್ತಾನೆ ಅಂತ ಕನಸಲ್ಲೂ ಅಂದುಕೊಂಡಿರಲಿಕ್ಕಿಲ್ಲ.

"ಅವನು ಹುಟ್ಟೋಕೆ ಎರಡು ದಶಕ ಮುಂಚಿನ ಆಟ. ಅವನಿಗೆಲ್ಲಿಯ ಚಿಕ್ಕಂದಿನ ಹುಚ್ಚು? ಅವನೇ ಚಿಕ್ಕೋನು!"

ಗಿರಿ ಕಾಫಿ ಲೋಟ ಬಾಯಿಗಿಟ್ಟುಕೊಂಡ. ಅದು ಖಾಲಿಯಾಗಿ ತುಂಬಾ ಹೊತ್ತಾಗಿತ್ತು.

ನನಗೆ ಕಾಣೋದು ಇಷ್ಟೇ. ಹಳೇ ಆಟ ಪೂರ್ತಿ ತಲೆಯಲ್ಲಿ ಹಿಡಿಸುತ್ತೆ. ಹೊಸ ಆಟ ಹಾರ್ಡ್ ಡಿಸ್ಕಲ್ಲೇ ಹಿಡಿಸಲ್ಲ. ಈಗ ದೊಡ್ಡ ಆಟ ಅಂದ್ರೆ 100 ಜಿಬಿ ದಾಟೋದು ಮಾಮೂಲಿ. ಹಾಕಿ, ಅಪ್ಡೇಟ್ ಮಾಡಿ, ಲಾಗಿನ್ ಆಗಿ, ಪಾಸ್‌ವರ್ಡ್ ಮರೆತು, ಒಟಿಪಿ ಬರೋ ಅಷ್ಟರಲ್ಲಿ ಆಡುವ ಆಸೆ ಸತ್ತಿರುತ್ತೆ. 1985ರ ಸೂಪರ್ ಮಾರಿಯೋ ಇಡೀ ಆಟ 40 ಕೆಬಿ. ಮಂಜನ ಸೋದರತ್ತೆ ದಿನಾ ಬೆಳಿಗ್ಗೆ ಕಳಿಸುವ ಗುಲಾಬಿ ಹೂವಿನ ಶುಭೋದಯ ಅದಕ್ಕಿಂತ ದಪ್ಪ ಇರುತ್ತೆ. ಜಾಗ ಇಲ್ಲ ಅಂತ ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ, ಬಣ್ಣ ಮಾತ್ರ ಬೇರೆ. ಉಳಿದ ಇಡ್ಲಿಗೆ ಒಗ್ಗರಣೆ ಹಾಕಿ ಮಾರನೇ ದಿನ ಉಪ್ಪಿಟ್ಟು ಅಂತ ಬಡಿಸುವ ಹಾಗೆ. ತಿಂದವರು ಯಾರೂ ದೂರಲಿಲ್ಲ, ಅಲ್ವಾ?

"ಸ್ಪೇಸ್ ಇನ್ವೇಡರ್ಸ್ ಕಥೆ ಇನ್ನೂ ಚೆನ್ನಾಗಿದೆ," ಅಂತ ಮಂಜ ಓವರ್ ನಡುವೆ ಬಾಯಿ ಹಾಕಿದ. 1978ರ ಜಪಾನಿನ ಆಟ ಅದು. ಮೇಲಿಂದ ಸಾಲು ಸಾಲಾಗಿ ಅನ್ಯಗ್ರಹದವರು ಇಳೀತಾರೆ, ನಾವು ಕೆಳಗಿಂದ ಗುಂಡು ಹೊಡೀಬೇಕು. ಹೊಡೆದಷ್ಟೂ ಉಳಿದವರ ಓಟ ಜಾಸ್ತಿಯಾಗುತ್ತೆ. ಯಾರೋ ಬುದ್ಧಿವಂತಿಕೆಯಿಂದ ಹಾಗೆ ಮಾಡಿದ್ದಾರೆ ಅನಿಸುತ್ತೆ. ನಿಜ ಏನಂದ್ರೆ, ಆ ಕಾಲದ ಪ್ರೊಸೆಸರ್‌ಗೆ ಅಷ್ಟು ಜನರನ್ನು ಒಟ್ಟಿಗೆ ಓಡಿಸುವ ಶಕ್ತಿ ಇರಲಿಲ್ಲ. ಜನ ಕಮ್ಮಿಯಾದ ಹಾಗೆ ಅದಕ್ಕೆ ಹೊರೆ ಇಳಿದು ತಾನೇ ಓಡೋಕೆ ಶುರು ಮಾಡ್ತು. ಅದನ್ನು ಹಾಗೇ ಬಿಟ್ಟರು. ಎದೆ ಡವಡವ ಅನ್ನಿಸುವ ಆ ಕೊನೆಯ ಒಬ್ಬ ಇದ್ದಾನಲ್ಲ, ಅವನು ಹುಟ್ಟಿದ್ದು ಯಂತ್ರದ ಸುಸ್ತಿನಿಂದ.

"ನಮ್ಮ ಆಫೀಸಲ್ಲಿ ಜನ ಕಮ್ಮಿಯಾದ್ರೆ ಉಳಿದವರು ಓಡಬೇಕಲ್ಲ, ಹಾಗೇ," ಅಂದಳು ಶ್ವೇತಾ. ಯಾರೂ ನಗಲಿಲ್ಲ. ನಾವೆಲ್ಲಾ ಉಳಿದವರೇ.

ಅಷ್ಟರಲ್ಲಿ ಗಿರಿಯೇ ಕ್ಯಾಸೆಟ್ ಸುದ್ದಿ ತೆಗೆದ. (ನಾಚಿಕೆ ಬಗ್ಗೆ ಭಾಷಣ ಮಾಡಿದವನು!) ನಮ್ಮೂರ ಕಡೆ ಟಿವಿಗೆ ಹಾಕುತ್ತಿದ್ದ ವಿಡಿಯೋ ಗೇಮ್ ಹೆಚ್ಚಿನವು ನಿಂಟೆಂಡೊ ಡಬ್ಬಿಯ ನಕಲು. ಕ್ಯಾಸೆಟ್ ಮೇಲೆ 9999 ಆಟ ಅಂತ ಬರೆದಿರುತ್ತಿತ್ತು. ಒಳಗೆ ಇದ್ದಿದ್ದು ಬೆರಳೆಣಿಕೆಯಷ್ಟು, ಅವನ್ನೇ ಹೆಸರು ಬದಲಾಯಿಸಿ ತಿರುಗಿಸಿ ತಿರುಗಿಸಿ ಕೊಡುತ್ತಿದ್ದರು. ಕೆಟ್ಟರೆ ಬಾಯಿಂದ ಉಫ್ ಅಂತ ಊದೋದು. ಊದಿದರೆ ಎಂಜಲಿನ ತೇವಕ್ಕೆ ಪಿನ್ ಇನ್ನೂ ಬೇಗ ಹಾಳಾಗುತ್ತೆ. ಸರಿಹೋಗುತ್ತಿದ್ದುದು ತೆಗೆದು ಮತ್ತೆ ಹಾಕಿದ್ದಕ್ಕೆ. ಇದನ್ನು ಹೇಳಿದರೆ ಗಿರಿ ಈಗಲೂ ನಂಬಲ್ಲ, ತನ್ನ ಉಸಿರಿನಲ್ಲಿ ಏನೋ ಇತ್ತು ಅಂತಾನೆ.

"ಕಾಂಟ್ರಾ ಕೋಡ್ ಹೇಳು ನೋಡೋಣ," ಅಂದ ಮಂಜ.

ಮೂರೂ ಜನ ಒಟ್ಟಿಗೆ, ಸಂಧ್ಯಾವಂದನೆಯನ್ನೂ ಇಷ್ಟು ಸರಿಯಾಗಿ ಹೇಳದವರು: "ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ!" ಇಬ್ಬರು ಸೇರಿ ಗುಂಡು ಹೊಡೆಯುತ್ತಾ ಹೋಗುವ ಕಾಂಟ್ರಾ ಆಟದಲ್ಲಿ ಇದನ್ನು ಒತ್ತಿದರೆ 30 ಲೈಫ್. ಇದನ್ನು ಮೊದಲು ಹಾಕಿದ್ದು ಗ್ರೇಡಿಯಸ್ ಅನ್ನುವ ಇನ್ನೊಂದು ಆಟಕ್ಕೆ. ಮಾಡಿದ ಕಝುಹಿಸಾ ಹಶಿಮೊಟೊಗೇ ಆಟ ಪರೀಕ್ಷೆ ಮಾಡೋಕೆ ಕಷ್ಟವಾಗಿ, ತನಗಾಗಿ ಇಟ್ಟುಕೊಂಡಿದ್ದ ಕಳ್ಳದಾರಿ.

"30 ಲೈಫ್ ಇದ್ದೂ ನೀನು ಜಲಪಾತದ ಲೆವೆಲ್ ದಾಟಿಸಲಿಲ್ಲ," ಅಂತ ಮಂಜ ಗಿರಿಯ ಕಡೆ ತಿರುಗಿದ.

"ನಾನಾ? ನೀನು ಮುಂದೆ ಹಾರಿಬಿಡ್ತಿದ್ದೆ, ಪರದೆ ಮೇಲಕ್ಕೆ ಹೋಗ್ತಿತ್ತು, ನಾನು ಕೆಳಗೆ ಉಳಿದು ಸಾಯ್ತಿದ್ದೆ! ಎಸ್ ಅಂತ ಬರೋ ಒಳ್ಳೇ ಗನ್ನೂ ನೀನೇ ತಗೋತಿದ್ದೆ!"

"ಬೇಗ ಹತ್ತಬೇಕಿತ್ತು."

"ನೀನು ಕಾಯಬೇಕಿತ್ತು!"

"ಮೂವತ್ತರಲ್ಲಿ ಇಪ್ಪತ್ತು ಲೈಫ್ ನೀನು ಮೊದಲ ಲೆವೆಲ್ ಸೇತುವೆ ಮೇಲೇ ಕಳೀತಿದ್ದೆ, ನಿನಗೆ ಕಾಯ್ತಾ ಕೂತಿದ್ರೆ ಪಿಯುಸಿ ಮುಗೀತಿತ್ತು!"

ಶ್ವೇತಾ ಉಳಿದಿದ್ದ ಬೋಂಡಾ ತಟ್ಟೆಯನ್ನು ಮೆಲ್ಲಗೆ ನಮ್ಮಿಬ್ಬರ ಕಡೆ ಎಳೆದುಕೊಂಡಳು.