‘ಮುಚ್ಚಿಟ್ಟ ಗ್ರಂಥ’, ‘ಗುಪ್ತ ಗ್ರಂಥ’, ‘ಕಾಪಿಟ್ಟ ಗ್ರಂಥ’: ಯಾವುದು ಎಲ್ಲಿಗೆ ಸಲ್ಲುತ್ತದೆ?

ಮಾನ್ಯರೇ,

ಬಹುಕಾಲ ಕಣ್ಮರೆಯಾಗಿದ್ದ ಧಾರ್ಮಿಕ ಹಸ್ತಪ್ರತಿಗಳನ್ನು ಕುರಿತ ಬರಹಗಳಲ್ಲಿ ‘ಮುಚ್ಚಿಟ್ಟ ಗ್ರಂಥ’, ‘ಗುಪ್ತ ಗ್ರಂಥ’ ಎಂಬ ಪ್ರಯೋಗಗಳು ಪರ್ಯಾಯ ಪದಗಳಂತೆ ಬಳಕೆಯಾಗುತ್ತಿವೆ. ಇವು ಸಮಾನಾರ್ಥಕಗಳಲ್ಲ ಎಂದು ನನ್ನ ಅಭಿಪ್ರಾಯ. ಇನ್ನೂ ವಿಚಾರಣೆ ನಡೆಯಬೇಕಾದ ಸಂಗತಿಯ ತೀರ್ಪು ಪದದ ಆಯ್ಕೆಯಲ್ಲೇ ಸೇರಿಹೋಗುತ್ತಿದೆ ಎಂಬುದು ನನ್ನ ಆತಂಕ.

‘ಮುಚ್ಚಿಡು’, ‘ಬಚ್ಚಿಡು’ ಎಂಬ ಎರಡಕ್ಕೂ ಒಬ್ಬ ಕರ್ತೃ ಬೇಕು, ಅವನಿಗೊಂದು ಉದ್ದೇಶವೂ ಬೇಕು. ‘ಮುಚ್ಚಿಡು’ ಎಂಬಲ್ಲಿ ಇವುಗಳ ಜೊತೆಗೆ ಆರೋಪವೂ ಇದೆ: ದಾಳಿಗೆ ಹೆದರಿ ವಿಗ್ರಹವನ್ನು ಮರೆಮಾಡಿದವರು ಅದನ್ನು ‘ಬಚ್ಚಿಟ್ಟರು’ ಎನ್ನುತ್ತೇವೆ, ‘ಮುಚ್ಚಿಟ್ಟರು’ ಎಂಬ ಮಾತನ್ನು ತಪ್ಪಿಗೋ ಸತ್ಯಕ್ಕೋ ಮೀಸಲಿಡುತ್ತೇವೆ. ‘ಗುಪ್ತ’ದ ದಾರಿ ಬೇರೆ. ಅದರ ಮೂಲವಾದ ‘ಗುಪ್’ ಧಾತುವಿಗೆ ‘ರಕ್ಷಿಸು’ ಎಂಬ ಅರ್ಥವಿದ್ದು, ‘ಗುಪ್ತ’ವೆಂದರೆ ರಕ್ಷಿತವಾದದ್ದೂ ಹೌದು, ಆದರೆ ‘ಗುಪ್ತಚರ’, ‘ಗುಪ್ತ ಮತದಾನ’ಗಳ ಕನ್ನಡದಲ್ಲಿ ಗುಟ್ಟೆಂಬ ಅರ್ಥವೊಂದೇ ಉಳಿದಿದೆ.

ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ 1945ರಲ್ಲಿ ನೆಲದೊಳಗಿನ ಜಾಡಿಯೊಂದರಲ್ಲಿ ದೊರೆತ, ಚರ್ಮದ ರಟ್ಟಿನ ಕಾಪ್ಟಿಕ್ (ಈಜಿಪ್ಟಿನ ಹಳೆಯ ಕ್ರೈಸ್ತರ ಭಾಷೆ) ಸಂಪುಟಗಳನ್ನು ನೋಡಿ. ಕ್ರಿ.ಶ. 367ರಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ ತನ್ನ ಪತ್ರದಲ್ಲಿ ಕ್ರೈಸ್ತರಿಗೆ ಮಾನ್ಯವಾದ ಗ್ರಂಥಗಳ ಪಟ್ಟಿ ಕೊಟ್ಟು ಉಳಿದವನ್ನು ಖಂಡಿಸಿದ್ದರಿಂದ, ಯಾರೋ ಸನ್ಯಾಸಿಗಳು ಇವನ್ನು ಹೂತಿಟ್ಟರೆಂಬುದು ಪ್ರಸಿದ್ಧ ಊಹೆ. ಸತ್ತವರೊಡನೆ ಸಮಾಧಿಯಲ್ಲಿ ಇಟ್ಟಿರಬಹುದೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಗ್ರಂಥಗಳು ಇರುವುದು ನಿಶ್ಚಿತ, ಇಟ್ಟವರ ಉದ್ದೇಶ ಅನಿಶ್ಚಿತ. ಇಲ್ಲಿ ‘ಮುಚ್ಚಿಟ್ಟ’ ಎಂದರೆ ಊಹೆಯನ್ನೇ ಸಂಗತಿಯೆಂದು ಬರೆದಂತಾಗುತ್ತದೆ. ‘ಹುದುಗಿದ್ದ’ ಎಂದರೆ ಸಾಕು.

ಲಡಾಖಿನ ಹೆಮಿಸ್ ಮಠದ ಪ್ರಸಂಗ ಇದಕ್ಕೆ ವಿರುದ್ಧವಾದುದು. ಯೇಸುವಿನ ಭಾರತವಾಸವನ್ನು ಹೇಳುವ ಗ್ರಂಥವೊಂದು ಅಲ್ಲಿದೆಯೆಂದು ರಷ್ಯದ ಪ್ರವಾಸಿ ನಿಕೊಲಸ್ ನೊಟೊವಿಚ್ 1894ರಲ್ಲಿ ಪ್ರಕಟಿಸಿದ. ಮರುವರ್ಷವೇ ಅಲ್ಲಿಗೆ ಹೋಗಿ ವಿಚಾರಿಸಿದ ಪ್ರಾಧ್ಯಾಪಕ ಡಗ್ಲಸ್‌ಗೆ ಮಠದ ಮುಖ್ಯಸ್ಥರು ಅಂಥದ್ದೇನೂ ಇಲ್ಲವೆಂದರು. ಇಲ್ಲಿ ಸಂದೇಹವಿರುವುದು ಗ್ರಂಥದ ಅಸ್ತಿತ್ವದ ಬಗೆಗೇ. ಆದರೂ ‘ಹೆಮಿಸ್‌ನಲ್ಲಿ ಮುಚ್ಚಿಟ್ಟ ಗ್ರಂಥ’ ಎಂದೊಡನೆ, ನಾಮಪದಕ್ಕೆ ಮೊದಲು ಕೂತ ‘ಮುಚ್ಚಿಟ್ಟ’ ಎಂಬ ಆ ಕೃದಂತ (ಕ್ರಿಯಾಪದದಿಂದಾದ ವಿಶೇಷಣ), ಗ್ರಂಥ ಇದೆಯೆಂಬುದನ್ನೂ ಮುಚ್ಚಿಟ್ಟವರು ಇದ್ದಾರೆಂಬುದನ್ನೂ ಓದುಗರಿಂದ ಒಪ್ಪಿಸಿಬಿಡುತ್ತದೆ. ‘ಮುಚ್ಚಿಟ್ಟಿದ್ದಾರಂತೆ’ ಎಂದು ವಾಕ್ಯದ ಕೊನೆಯಲ್ಲಿ ಅನುಮಾನಕ್ಕೆ ಎಡೆ ಕೊಡುವ ಆ ಸೊಗಸಾದ ‘ಅಂತೆ’ ಕೃದಂತಕ್ಕೆ ಅಂಟಿಕೊಳ್ಳುವುದಿಲ್ಲ. ಪತ್ರಿಕೆಗಳ ‘ಎನ್ನಲಾದ’ವನ್ನು ತಂದು ‘ಮುಚ್ಚಿಟ್ಟಿದ್ದಾರೆ ಎನ್ನಲಾದ ಗ್ರಂಥ’ ಎಂದು ಬರೆಯಬಹುದು. ಆದರೆ ಅನುಮಾನ ಮುಚ್ಚಿಟ್ಟದ್ದರ ಮೇಲೋ ಗ್ರಂಥದ ಇರವಿನ ಮೇಲೋ ಎಂಬುದು ಆಗಲೂ ಸ್ಪಷ್ಟವಾಗುವುದಿಲ್ಲ.

ಮೂರನೆಯದು ಮೂಡಬಿದಿರೆಯ ಧವಲಾ ಗ್ರಂಥಗಳದು. ದಿಗಂಬರ ಜೈನರ ಪ್ರಾಚೀನ ಆಗಮಗ್ರಂಥವಾದ ಷಟ್ಖಂಡಾಗಮಕ್ಕೆ ಆಚಾರ್ಯ ವೀರಸೇನರು ಬರೆದ ಈ ವ್ಯಾಖ್ಯಾನದ ತಾಳೆಗರಿಗಳು ಶತಮಾನಗಳ ಕಾಲ ಭಕ್ತರ ದರ್ಶನಕ್ಕೆ ಸಿಗುತ್ತಿದ್ದವೇ ಹೊರತು ಓದಿಗಲ್ಲ. ಪ್ರತಿ ತೆಗೆಯುವ ಕೆಲಸ ಆರಂಭವಾದದ್ದು 19ನೆಯ ಶತಮಾನದ ಕೊನೆಗೆ, ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಓದಲು ಹಂಬಲಿಸಿ ನಿರಾಶರಾದವರಿಗೆ ಅದು ಮುಚ್ಚಿಟ್ಟಂತೆಯೇ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಬಿಗಿಯಾದ ಕಾವಲಿಲ್ಲದಿದ್ದರೆ ಓದಲು ಗರಿಗಳೇ ಉಳಿಯುತ್ತಿದ್ದವೋ ಇಲ್ಲವೋ. ಇಂಥ ಕಡೆ ‘ಕಾಪಿಟ್ಟ ಗ್ರಂಥ’ ಎಂಬುದೇ ನ್ಯಾಯವಾದ ಮಾತೆಂದು ನನಗೆ ತೋರುತ್ತದೆ; ‘ಗುಪ್ತ’ ಕಳೆದುಕೊಂಡ ಅರ್ಥವೂ ಅದರಲ್ಲಿ ಮರಳಿ ಸಿಗುತ್ತದೆ.

ಬಲ್ಲವರಲ್ಲಿ ಎರಡು ಪ್ರಶ್ನೆಗಳು. ಹಸ್ತಪ್ರತಿಗಳ ವಿಷಯದಲ್ಲಿ ‘ಕಾಪಿಡು’ ಬಳಕೆಯಾದ ಹಳೆಯ ಉದಾಹರಣೆಗಳಿವೆಯೇ? ವಸ್ತುವಿನ ಇರವನ್ನು ಒಪ್ಪಿ ಉದ್ದೇಶವನ್ನಷ್ಟೇ ಸಂದೇಹಿಸಲು, ಅಥವಾ ಇರವನ್ನೇ ಸಂದೇಹಿಸಲು, ‘ಎನ್ನಲಾದ’ಕ್ಕಿಂತ ಖಚಿತವಾದ ವಿಶೇಷಣರೂಪ ಕನ್ನಡದ ಯಾವುದಾದರೂ ಪ್ರದೇಶದ ಮಾತಿನಲ್ಲಿ ಬಳಕೆಯಲ್ಲಿದೆಯೇ?